ಮಕ್ಕಳ ಮಿದುಳುಪೊರೆಯ ಉರಿಯೂತ ಮತ್ತು ಬೆನ್ನುಹುರಿ ದ್ರವದ ಸಂಕೇತ ಪ್ರೋಟೀನುಗಳು: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಜ್ವರ, ವಾಂತಿ, ಸೆಳವುಗಳಿಂದ ಬಳಲುತ್ತಿರುವ ಮಗುವನ್ನು ಆಸ್ಪತ್ರೆಗೆ ಕರೆತಂದಾಗ, ಬೆನ್ನಿನ ನೀರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದುಂಟು. ಆ ಮಾತು ಕಿವಿಗೆ ಬಿದ್ದೊಡನೆ ಮನೆಯವರು ಹಿಂಜರಿಯುವುದೂ ಅಷ್ಟೇ ಸಾಮಾನ್ಯ. ಬೆನ್ನಿನ ನೀರು ತೆಗೆದರೆ ಮಗುವಿನ ಕಾಲಿನ ಸ್ವಾಧೀನ ತಪ್ಪುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದುಕೊಂಡಿದೆ. ಆದರೆ ಸೂಜಿಯ ತುದಿಯಿಂದ ಹನಿಹನಿಯಾಗಿ ಬೀಳುವ ಆ ದ್ರವದಲ್ಲಿ, ಮಗುವಿನ ಮಿದುಳಿನ ಸುತ್ತ ಆ ಗಳಿಗೆಯಲ್ಲಿ ನಡೆಯುತ್ತಿರುವ ಹೋರಾಟದ ವಿವರಗಳೆಲ್ಲ ಅಡಗಿರುತ್ತವೆ. ಅವುಗಳಲ್ಲಿ ಬಹಳ ಸೂಕ್ಷ್ಮವಾದವು ಸೈಟೊಕೈನ್‌ಗಳೆಂಬ ಸಂಕೇತ ಪ್ರೋಟೀನುಗಳು.

ಈ ಪ್ರೋಟೀನುಗಳು ರೋಗನಿರೋಧ ಕಣಗಳು ಒಂದಕ್ಕೊಂದು ಕಳುಹಿಸಿಕೊಳ್ಳುವ ಸಂದೇಶಗಳು. ಮಗುವನ್ನು ಕಾಪಾಡುವುದೂ, ಕೆಲವೊಮ್ಮೆ ಅದರ ಮಿದುಳಿಗೂ ಕಿವಿಗೂ ಶಾಶ್ವತ ಹಾನಿ ಮಾಡುವುದೂ ಇವೇ. ಇವುಗಳ ಕಾರ್ಯವಿಧಾನವನ್ನು ವಿವರಿಸಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶದಲ್ಲಿ ಈ ತಿಳಿವಳಿಕೆಗೆ ಏನು ಅರ್ಥವಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ರೋಗಕಾರಕಗಳು

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿಯು ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಭೌಗೋಳಿಕವಾಗಿ ಈ ನಾಲ್ಕೂ ಒಂದೇ ಬಗೆಯವಲ್ಲ. ಭದ್ರಾ ಅಚ್ಚುಕಟ್ಟಿಗೆ ಒಳಪಟ್ಟ ಚನ್ನಗಿರಿ ಮತ್ತು ಹೊನ್ನಾಳಿ ಭಾಗಗಳಲ್ಲಿ ನಾಲೆಯ ನೀರು ನಿಂತ ಭತ್ತದ ಗದ್ದೆಗಳಿವೆ. ಚನ್ನಗಿರಿಯಲ್ಲಿ ಅಡಕೆ ತೋಟಗಳೂ ಸೂಳೆಕೆರೆಯ ವಿಶಾಲ ಜಲರಾಶಿಯೂ ಇವೆ. ನ್ಯಾಮತಿ ಮಲೆನಾಡಿನ ಅಂಚಿಗೆ ಸಮೀಪದ್ದು. ಜಗಳೂರಾದರೋ ಮಳೆಯನ್ನೇ ನಂಬಿದ, ಬರಕ್ಕೆ ಮತ್ತೆ ಮತ್ತೆ ತುತ್ತಾಗುವ ಬಯಲುಸೀಮೆ.

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ಪೊರೆಗಳ ಉರಿಯೂತವೇ ಮೆನಿಂಜೈಟಿಸ್. ಉರಿಯೂತವು ಮಿದುಳಿನ ಅಂಗಾಂಶಕ್ಕೇ ತಗುಲಿದರೆ ಅದು ಎನ್ಸೆಫಲೈಟಿಸ್, ಅಂದರೆ ಜನರಾಡುವ ‘ಮಿದುಳು ಜ್ವರ’. ಮಗುವಿನ ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವಾಗ ಇವೆರಡರ ನಡುವಿನ ಗೆರೆ ಸ್ಪಷ್ಟವಾಗಿರುವುದಿಲ್ಲ. ನಮ್ಮ ಪ್ರದೇಶದಲ್ಲಿ ನಾಲ್ಕು ಬಗೆಯ ಕಾರಣಗಳನ್ನು ಗಮನದಲ್ಲಿರಿಸಬೇಕಾಗುತ್ತದೆ. ಮೊದಲನೆಯದು ಕೀವುಗಟ್ಟಿಸುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ನ್ಯೂಮೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ ಬಿ (ಹಿಬ್) ಮತ್ತು ಮೆನಿಂಗೊಕಾಕಸ್. ಎರಡನೆಯದು ಕ್ಷಯದ ಬ್ಯಾಕ್ಟೀರಿಯಾ. ಮೂರನೆಯದು ಎಂಟೆರೊವೈರಸ್‌ಗಳಂತಹ, ಬಹುಮಟ್ಟಿಗೆ ತಾವಾಗಿಯೇ ಶಮನವಾಗುವ ಸೋಂಕುಗಳು. ನಾಲ್ಕನೆಯದು ಜಪಾನೀಸ್ ಎನ್ಸೆಫಲೈಟಿಸ್ (ಜೆಇ). ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗಳು ನೀರು ನಿಂತ ಭತ್ತದ ಗದ್ದೆಗಳಲ್ಲಿ ಮೊಟ್ಟೆಯಿಡುತ್ತವೆ. ಹಂದಿಗಳೂ ಕೊಕ್ಕರೆಯಂತಹ ನೀರಹಕ್ಕಿಗಳೂ ಈ ವೈರಸ್ಸಿನ ಆಶ್ರಯಜೀವಿಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯೂ ಕೆಲವರಲ್ಲಿ ಎರಡನೆಯ ಹಂತದಲ್ಲಿ ಮಿದುಳಿಗೆ ತಗುಲುವುದರಿಂದ, ಮಲೆನಾಡಿನ ಅಂಚಿನಲ್ಲಿ ಅದನ್ನೂ ಮರೆಯುವಂತಿಲ್ಲ.

ಬೆನ್ನಿನ ನೀರು

ಮಿದುಳು-ಬೆನ್ನುಹುರಿ ದ್ರವವು ಮಿದುಳಿನ ಒಳಗಿನ ಕುಹರಗಳಲ್ಲಿ ನಿರಂತರವಾಗಿ ಸ್ರವಿಸಿ, ಮಿದುಳನ್ನೂ ಬೆನ್ನುಹುರಿಯನ್ನೂ ತೇಲಿಸಿಕೊಂಡಿರುತ್ತದೆ. ವಯಸ್ಕರಲ್ಲಿ ಇದರ ಒಟ್ಟು ಪ್ರಮಾಣ ಸುಮಾರು 150 ಮಿಲಿಲೀಟರ್. ದಿನವೊಂದಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಮಕ್ಕಳಲ್ಲಿ ಪ್ರಮಾಣ ಕಡಿಮೆಯಾದರೂ, ಪರೀಕ್ಷೆಗೆಂದು ತೆಗೆಯುವ ಎರಡು ಮೂರು ಮಿಲಿಲೀಟರ್ ಬಹುಬೇಗ ತುಂಬಿಬರುತ್ತದೆ. ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ, ಶಿಶುಗಳಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ, ಮುಗಿದುಹೋಗುತ್ತದೆ. ಸೂಜಿಯನ್ನು ಚುಚ್ಚುವುದು ಅದಕ್ಕೂ ಕೆಳಗಿನ ಮೂಳೆಗಳ ನಡುವೆ. ಆದುದರಿಂದ ಕಾಲಿನ ಸ್ವಾಧೀನ ತಪ್ಪುತ್ತದೆಂಬ ಭಯಕ್ಕೆ ಶರೀರರಚನೆಯ ಆಧಾರವಿಲ್ಲ. ಮಿದುಳಿನ ಒತ್ತಡ ಅತಿಯಾಗಿ ಏರಿದಾಗ ಅಥವಾ ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ದೋಷವಿದ್ದಾಗ ವೈದ್ಯರು ಈ ಪರೀಕ್ಷೆಯನ್ನು ಮುಂದೂಡುತ್ತಾರೆ.

1891ರಲ್ಲಿ ಜರ್ಮನಿಯ ಹೈನ್ರಿಚ್ ಕ್ವಿಂಕೆ ಈ ವಿಧಾನವನ್ನು ರೂಢಿಗೆ ತಂದಂದಿನಿಂದ ವೈದ್ಯರು ಈ ದ್ರವದಲ್ಲಿ ಮೂರು ಸಂಗತಿಗಳನ್ನು ಮುಖ್ಯವಾಗಿ ನೋಡುತ್ತ ಬಂದಿದ್ದಾರೆ: ಬಿಳಿ ರಕ್ತಕಣಗಳ ಎಣಿಕೆ, ಪ್ರೋಟೀನು ಮತ್ತು ಗ್ಲೂಕೋಸ್. ಆರೋಗ್ಯವಂತ ಮಗುವಿನ ದ್ರವ ತಿಳಿನೀರಿನಂತಿದ್ದು, ಅದರಲ್ಲಿ ಕಣಗಳು ಬೆರಳೆಣಿಕೆಯಷ್ಟು. ಗ್ಲೂಕೋಸ್ ರಕ್ತದಲ್ಲಿರುವುದರ ಸುಮಾರು ಮೂರನೇ ಎರಡರಷ್ಟು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ದ್ರವ ಮಸುಕಾಗಿ, ನ್ಯೂಟ್ರೊಫಿಲ್ ಕಣಗಳು ನೂರು, ಸಾವಿರಗಳಿಗೇರಿ, ಗ್ಲೂಕೋಸ್ ಕುಸಿಯುತ್ತದೆ. ಈ ಬದಲಾವಣೆಗಳೆಲ್ಲ ಪರಿಣಾಮಗಳು. ಇವುಗಳ ಹಿಂದಿನ ಪ್ರೇರಣೆ ಸೈಟೊಕೈನ್‌ಗಳದು.

ಸಂಕೇತ ಪ್ರೋಟೀನುಗಳ ಪರಿಚಯ

ಸೈಟೊಕೈನ್‌ಗಳು ಕಿರಿದಾದ ಪ್ರೋಟೀನುಗಳು. ಒಂದು ಜೀವಕೋಶ ಇವನ್ನು ಸ್ರವಿಸುತ್ತದೆ. ಇನ್ನೊಂದು ಜೀವಕೋಶದ ಮೇಲ್ಮೈಯ ಗ್ರಾಹಕಕ್ಕೆ ಇವು ಅಂಟಿಕೊಂಡು ಅದರ ನಡವಳಿಕೆಯನ್ನು ಬದಲಿಸುತ್ತವೆ. ಇವುಗಳನ್ನು ಅಳೆಯುವ ಮಾನ ಪಿಕೊಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟು ಅಲ್ಪ ಪ್ರಮಾಣದಲ್ಲಿಯೇ ಇವು ಇಡೀ ದೇಹವನ್ನು ಜ್ವರದಿಂದ ನಡುಗಿಸಬಲ್ಲವು.

ಮೆನಿಂಜೈಟಿಸ್‌ಗೆ ಸಂಬಂಧಿಸಿದಂತೆ ಐದು ಪ್ರೋಟೀನುಗಳು ವಿಶೇಷವಾಗಿ ಗಮನಾರ್ಹ. 1975ರಲ್ಲಿ ಗುರುತಿಸಲಾದ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ (ಟಿಎನ್‌ಎಫ್) ಗಡ್ಡೆಗಳನ್ನು ನಾಶಪಡಿಸುವ ವಸ್ತುವೆಂದು ಹೆಸರು ಪಡೆದರೂ, ಸೋಂಕಿನಲ್ಲಿ ಎಚ್ಚರಿಕೆಯ ಮೊದಲ ಕೂಗು ಅದರದೇ. ಇಂಟರ್‌ಲ್ಯೂಕಿನ್-1 ಬೀಟಾ ಅದರ ಜೊತೆಗಾರ, ಜ್ವರಕಾರಕ. ಇವೆರಡರ ಬೆನ್ನ ಹಿಂದೆಯೇ ಏರುವ ಇಂಟರ್‌ಲ್ಯೂಕಿನ್-6 ಆರೋಗ್ಯವಂತರ ದ್ರವದಲ್ಲಿ ಕೆಲವೇ ಪಿಕೊಗ್ರಾಂಗಳಷ್ಟಿದ್ದು, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾವಿರಾರು ಪಟ್ಟು ಹೆಚ್ಚಬಲ್ಲದು. ಇಂಟರ್‌ಲ್ಯೂಕಿನ್-8 ರಕ್ತದಲ್ಲಿರುವ ನ್ಯೂಟ್ರೊಫಿಲ್ ಕಣಗಳನ್ನು ಸೋಂಕಿನ ಜಾಗಕ್ಕೆ ಸೆಳೆಯುತ್ತದೆ. ಐದನೆಯದಾದ ಇಂಟರ್‌ಲ್ಯೂಕಿನ್-10ರ ಕೆಲಸ ತದ್ವಿರುದ್ಧ: ಅದು ಮಿಕ್ಕವುಗಳ ಉತ್ಪಾದನೆಯನ್ನು ತಗ್ಗಿಸಿ ಉರಿಯೂತಕ್ಕೆ ಕಡಿವಾಣ ಹಾಕುತ್ತದೆ.

ಹಾನಿಯ ಸರಣಿ

ಬ್ಯಾಕ್ಟೀರಿಯಾ ರಕ್ತದಿಂದ ಮಿದುಳುಪೊರೆಯೊಳಕ್ಕೆ ನುಸುಳಿದಾಗ ಅಲ್ಲಿ ಅದನ್ನು ತಡೆಯಲು ಪ್ರತಿಕಾಯಗಳೂ ಪೂರಕ ಪ್ರೋಟೀನುಗಳೂ ಸಾಕಷ್ಟಿರುವುದಿಲ್ಲ. ಹೀಗಾಗಿ ಅದು ಅಡೆತಡೆಯಿಲ್ಲದೆ ವೃದ್ಧಿಯಾಗುತ್ತದೆ. ಅದರ ಕೋಶಭಿತ್ತಿಯ ಚೂರುಗಳನ್ನು ಪೊರೆಯಲ್ಲಿರುವ ಭಕ್ಷಕ ಕಣಗಳು ‘ಟೋಲ್ ಮಾದರಿಯ ಗ್ರಾಹಕ’ಗಳ ಮೂಲಕ ಗುರುತಿಸುತ್ತವೆ. ಪ್ರಾಣಿಪ್ರಯೋಗಗಳಲ್ಲಿ ಕೆಲವೇ ಗಂಟೆಗಳಲ್ಲಿ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಕಾಣಿಸಿಕೊಳ್ಳುತ್ತವೆ. ನಂತರ 6 ಮತ್ತು 8 ಏರುತ್ತವೆ. ರಕ್ತನಾಳಗಳ ಒಳಗೋಡೆ ಅಂಟಾಗಿ ನ್ಯೂಟ್ರೊಫಿಲ್‌ಗಳು ಹಿಂಡುಹಿಂಡಾಗಿ ಒಳನುಗ್ಗುತ್ತವೆ. ಅವು ಬಿಡುಗಡೆ ಮಾಡುವ ಕಿಣ್ವಗಳೂ ಉತ್ಕರ್ಷಕ ವಸ್ತುಗಳೂ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯ ಬೆಸುಗೆಗಳನ್ನು ಸಡಿಲಿಸುತ್ತವೆ. ನೀರು ಮತ್ತು ಪ್ರೋಟೀನು ಸೋರಿ, ಮಿದುಳು ಊದಿಕೊಂಡು, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ.

ಒಳಗಿವಿಯ ಶಂಖಾಕೃತಿಯ ಭಾಗಕ್ಕೂ ಈ ದ್ರವಕ್ಕೂ ಒಂದು ಸೂಕ್ಷ್ಮ ಕಾಲುವೆಯ ಸಂಪರ್ಕವಿದೆ. ಉರಿಯೂತ ಆ ದಾರಿಯಾಗಿ ಒಳಗಿವಿಗೆ ಹಬ್ಬಿದರೆ ಶ್ರವಣಕೋಶಗಳು ಸಾಯುತ್ತವೆ. ಮಾತು ಕಲಿಯುವ ಮುನ್ನವೇ ಕಿವುಡಾದ ಮಗುವಿಗೆ ಭಾಷೆಯೇ ಕೈತಪ್ಪುವ ಅಪಾಯವಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ರಕ್ಷಣೆಗೆಂದು ಹೊರಟ ಪ್ರತಿಕ್ರಿಯೆಯೇ ಹೀಗೆ ಹಾನಿಗೆ ಕಾರಣವಾಗುತ್ತದೆ.

ಹಾಗೆಂದು ಈ ಪ್ರೋಟೀನುಗಳನ್ನು ಶತ್ರುಗಳೆಂದು ಪರಿಗಣಿಸುವುದು ಸರಿಯಲ್ಲ. ಇಂಟರ್‌ಲ್ಯೂಕಿನ್-6ರ ಜೀನ್ ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಉಂಟುಮಾಡಿ ನಡೆಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವುಗಳ ರಕ್ತನಾಳಗಳ ಸೋರಿಕೆ ಕಡಿಮೆಯಾಗಿತ್ತು. ಆದರೆ ಉರಿಯೂತದ ಪ್ರತಿಕ್ರಿಯೆ ಹೆಚ್ಚಾಗಿತ್ತು. ಒಂದೇ ಪ್ರೋಟೀನು ಒಂದು ಕೈಯಲ್ಲಿ ಬೆಂಕಿಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದಿರುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ.

ರೋಗ ಬೇರೆ, ಸಂದೇಶ ಬೇರೆ

1988ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಟಿಎನ್‌ಎಫ್ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ರೋಗಿಗಳ ದ್ರವದಲ್ಲಿ ಕಾಣಿಸುತ್ತದೆ, ವೈರಸ್ ಮೆನಿಂಜೈಟಿಸ್‌ನಲ್ಲಿ ಕಾಣಿಸುವುದಿಲ್ಲ ಎಂದು ತೋರಿಸಿತು. ಮರುವರ್ಷ ಅಮೆರಿಕದ ಡಲ್ಲಾಸಿನ ತಂಡವು ಶಿಶುಗಳ ಹಾಗೂ ಮಕ್ಕಳ ದ್ರವದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಟಿಎನ್‌ಎಫ್‌ಗಳನ್ನು ಅಳೆದು ರೋಗದ ಗತಿಯೊಂದಿಗೆ ಹೋಲಿಸಿತು. ಸಾಮಾನ್ಯ ವೈರಸ್ ಸೋಂಕಿನಲ್ಲಿ ಇಂಟರ್‌ಫೆರಾನ್ ಮತ್ತು ಅದರ ಪ್ರೇರಣೆಯಿಂದ ಹುಟ್ಟುವ ಸಿಎಕ್ಸ್‌ಸಿಎಲ್-10 ಎಂಬ ಪ್ರೋಟೀನು ಮುಂದಾಗಿ ನಿಲ್ಲುತ್ತವೆ. ಅವು ಲಿಂಫೋಸೈಟ್ ಕಣಗಳನ್ನು ಕರೆತರುತ್ತವೆ. ಇಷ್ಟನ್ನು ನೋಡಿದರೆ, ಒಂದು ಪ್ರೋಟೀನನ್ನು ಅಳೆದರೆ ಸಾಕು, ರೋಗ ಯಾವುದೆಂದು ಹೇಳಬಹುದು ಎಂಬ ಭಾವನೆ ಮೂಡುವುದು ಸಹಜ.

ಆದರೆ ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನ ಈ ಸರಳ ಚಿತ್ರಕ್ಕೆ ಮಹತ್ವದ ತಿದ್ದುಪಡಿಯನ್ನು ತಂದಿತು. 1970ರ ದಶಕದಲ್ಲಿ ಕೋಲಾರ ಭಾಗದಲ್ಲಿ ಜೆಇ ತೀವ್ರವಾಗಿ ಕಾಣಿಸಿಕೊಂಡ ನಂತರ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ಈ ರೋಗದ ಅಧ್ಯಯನದ ಮುಖ್ಯ ಕೇಂದ್ರಗಳಲ್ಲೊಂದಾಯಿತು. ಅಲ್ಲಿನ ವಿ. ರವಿ ಮತ್ತು ಸಹೋದ್ಯೋಗಿಗಳು ಜೆಇ ರೋಗಿಗಳ ರಕ್ತಸಾರ ಹಾಗೂ ಮಿದುಳು-ಬೆನ್ನುಹುರಿ ದ್ರವ ಎರಡರಲ್ಲಿಯೂ ಟಿಎನ್‌ಎಫ್ ಅಳೆದು 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಪ್ರೋಟೀನಿನ ಮಟ್ಟ ಅಧಿಕವಾಗಿದ್ದಾಗ ರೋಗ ಮರಣಾಂತಿಕವಾಗುವ ಸಂಭವ ಹೆಚ್ಚೆಂದು ಅವರು ಕಂಡುಕೊಂಡರು. ಅಂದರೆ ವೈರಸ್ ಸೋಂಕಾದರೂ ಅದು ಮಿದುಳಿನ ಅಂಗಾಂಶವನ್ನೇ ಆಕ್ರಮಿಸಿದಾಗ ಟಿಎನ್‌ಎಫ್ ಏರುತ್ತದೆ. ಭತ್ತದ ಗದ್ದೆಗಳ ನಡುವಿನ ಹೊನ್ನಾಳಿಯ ಮಗುವಿನ ದ್ರವದಲ್ಲಿ ಟಿಎನ್‌ಎಫ್ ಕಂಡುಬಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಲಾಗದು.

ಕ್ಷಯದ ಮೆನಿಂಜೈಟಿಸ್ ಇನ್ನೂ ಭಿನ್ನ. ಅದು ವಾರಗಟ್ಟಲೆ ಹೊಂಚುಹಾಕಿ ಬರುವ ರೋಗ: ಮಗು ಮಂಕಾಗುತ್ತದೆ, ಆಟ ಬಿಡುತ್ತದೆ, ಸಣ್ಣ ಜ್ವರ ಕಾಯುತ್ತದೆ. ದ್ರವದಲ್ಲಿ ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್ ಮೊದಲಾದವು ದೀರ್ಘಕಾಲ ಉಳಿಯುತ್ತವೆ. ಇಲ್ಲಿ ಟಿಎನ್‌ಎಫ್ ಅನಿವಾರ್ಯ. ಕ್ಷಯದ ಬ್ಯಾಕ್ಟೀರಿಯಾವನ್ನು ಕಣಗಂಟುಗಳೊಳಗೆ ಬಂಧಿಸಿಡುವುದು ಅದೇ. ಕೀಲುವಾತಕ್ಕೆಂದು ಟಿಎನ್‌ಎಫ್ ನಿರೋಧಕ ಔಷಧಿ ಪಡೆದ ಕೆಲವರಲ್ಲಿ ಸುಪ್ತ ಕ್ಷಯ ಮರುಕಳಿಸಿದುದು 2001ರಲ್ಲಿ ವರದಿಯಾದದ್ದು ಇದಕ್ಕೆ ನಿದರ್ಶನ.

ಉರಿಯೂತವನ್ನು ತಗ್ಗಿಸುವ ಪ್ರಯತ್ನ

ಪ್ರತಿಜೀವಕ ಔಷಧಿಯು ಬ್ಯಾಕ್ಟೀರಿಯಾವನ್ನು ಒಡೆದಾಗ ಅದರ ಕೋಶಭಿತ್ತಿಯ ಚೂರುಗಳು ಒಮ್ಮೆಗೇ ಹೊರಬಂದು ಟಿಎನ್‌ಎಫ್ ಮತ್ತಷ್ಟು ಏರುವುದನ್ನು 1980ರ ದಶಕದ ಮೊಲಗಳ ಮೇಲಿನ ಪ್ರಯೋಗಗಳು ತೋರಿಸಿದವು. ಔಷಧಿಗೆ ಮುಂಚೆಯೇ ಅಥವಾ ಅದರ ಜೊತೆಗೇ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಈ ಏರಿಕೆಯನ್ನು ತಡೆಯಬಹುದೆಂಬ ಚಿಂತನೆ ಅಲ್ಲಿಂದ ಬಂದಿತು. 1988ರಲ್ಲಿ 200 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ವರದಿಯಂತೆ, ಎರಡೂ ಕಿವಿಗಳಲ್ಲಿ ಗಣನೀಯ ಶ್ರವಣದೋಷ ಉಳಿದವರು ಸ್ಟೀರಾಯ್ಡ್ ಪಡೆಯದ ಗುಂಪಿನಲ್ಲಿ ಶೇ. 15.5 ಇದ್ದರೆ, ಪಡೆದ ಗುಂಪಿನಲ್ಲಿ ಶೇ. 3.3 ಮಾತ್ರ. ಆ ಕಾಲದಲ್ಲಿ ಅಲ್ಲಿ ಹಿಬ್ ಮುಖ್ಯ ರೋಗಕಾರಕವಾಗಿತ್ತು.

ಆದರೆ 2002ರಲ್ಲಿ ಪ್ರಕಟವಾದ ಆಫ್ರಿಕದ ಮಲಾವಿಯ ಪರೀಕ್ಷೆಯಲ್ಲಿ, ಸುಮಾರು 600 ಮಕ್ಕಳ ಪೈಕಿ ಸ್ಟೀರಾಯ್ಡ್ ಪಡೆದವರಲ್ಲೂ ಪಡೆಯದವರಲ್ಲೂ ಮರಣ ಪ್ರಮಾಣ ಹೆಚ್ಚುಕಡಿಮೆ ಸಮಾನವಾಗಿತ್ತು, ಶೇ. 31ರ ಆಸುಪಾಸು. 25 ಪರೀಕ್ಷೆಗಳ 4,121 ರೋಗಿಗಳ ಮಾಹಿತಿಯನ್ನು ಕ್ರೋಡೀಕರಿಸಿದ 2015ರ ಕಾಕ್ರೇನ್ ವಿಮರ್ಶೆಯು, ಮಕ್ಕಳಲ್ಲಿ ಹಿಬ್ ಸೋಂಕಿನಿಂದಾಗುವ ತೀವ್ರ ಕಿವುಡುತನವನ್ನು ಸ್ಟೀರಾಯ್ಡ್ ತಗ್ಗಿಸುತ್ತದೆಂದೂ, ಬಡ ರಾಷ್ಟ್ರಗಳಲ್ಲಿ ಅದರಿಂದ ಪ್ರಯೋಜನ ಕಂಡುಬಂದಿಲ್ಲವೆಂದೂ ಹೇಳಿತು. ಇತ್ತ ಕ್ಷಯದ ಮೆನಿಂಜೈಟಿಸ್‌ನಲ್ಲಿ 14 ವರ್ಷ ಮೀರಿದ 545 ರೋಗಿಗಳ ಮೇಲೆ ವಿಯೆಟ್ನಾಮಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಮರಣವನ್ನು ಶೇ. 41.3ರಿಂದ ಶೇ. 31.8ಕ್ಕೆ ಇಳಿಸಿತು. ಜೆಇಯಲ್ಲಿ ಅದೇ ಔಷಧಿ ಥೈಲೆಂಡಿನ ಪರೀಕ್ಷೆಯಲ್ಲಿ ಫಲಕಾರಿಯಾಗಲಿಲ್ಲ.

ಈ ವ್ಯತ್ಯಾಸಗಳಿಗೆ ಪೌಷ್ಟಿಕತೆ, ಇತರ ರೋಗಗಳು, ರೋಗಕಾರಕದ ಬಗೆ ಎಲ್ಲವೂ ಕಾರಣವಾಗಬಹುದು. ಆದರೆ ಸೈಟೊಕೈನ್‌ಗಳ ಗತಿಯನ್ನು ಬಲ್ಲವರಿಗೆ ಒಂದು ಅಂಶ ಎದ್ದು ಕಾಣುತ್ತದೆ. ಸ್ಟೀರಾಯ್ಡ್ ಟಿಎನ್‌ಎಫ್ ಉತ್ಪಾದನೆಯನ್ನು ತಡೆಯಬಲ್ಲದೇ ಹೊರತು, ಈಗಾಗಲೇ ಉತ್ಪತ್ತಿಯಾಗಿ ಕೆಲಸ ಮುಗಿಸಿದ ಟಿಎನ್‌ಎಫ್‌ನ ಹಾನಿಯನ್ನು ಅಳಿಸಲಾರದು. ತಡವಾಗಿ ಬಂದ ಮಗುವಿನಲ್ಲಿ ಹಾನಿಯ ಸರಣಿ ಆಗಲೇ ಬಹುದೂರ ಸಾಗಿರುತ್ತದೆ.

ತಾಲ್ಲೂಕಿನಿಂದ ಪ್ರಯೋಗಾಲಯಕ್ಕೆ

ಇಲ್ಲಿ ನಮ್ಮ ತಾಲ್ಲೂಕುಗಳ ಪ್ರಶ್ನೆ ಮುಖ್ಯವಾಗುತ್ತದೆ. ಮಕ್ಕಳ ತೀವ್ರ ನಿಗಾ ಘಟಕ, ಜೀವಾಣು ಕೃಷಿ ಪರೀಕ್ಷೆಗಳಂತಹ ಸೌಲಭ್ಯಗಳಿಗೆ ಜಗಳೂರು ಮತ್ತು ಚನ್ನಗಿರಿಯ ಜನ ಸಾಮಾನ್ಯವಾಗಿ ದಾವಣಗೆರೆಯತ್ತ ಹೊರಡುತ್ತಾರೆ. 1965ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಆ ನಗರ ಮಧ್ಯ ಕರ್ನಾಟಕದ ಚಿಕಿತ್ಸಾ ಕೇಂದ್ರವಾಗಿ ಬೆಳೆದಿದೆ. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಈ ಪ್ರಯಾಣವನ್ನು ಸುಗಮಗೊಳಿಸಿದೆ. ಆದರೂ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಕೇಂದ್ರ ಎಂಬ ಎರಡು ಹಂತಗಳಲ್ಲಿ ಗಂಟೆಗಳು ಕಳೆಯುತ್ತವೆ.

ದ್ರವಕ್ಕೂ ಗಂಟೆಗಳ ಲೆಕ್ಕವಿದೆ. ಕೊಠಡಿಯ ಉಷ್ಣತೆಯಲ್ಲಿಟ್ಟ ಮಾದರಿಯಲ್ಲಿ ನ್ಯೂಟ್ರೊಫಿಲ್‌ಗಳ ಸಂಖ್ಯೆ ಒಂದು ಗಂಟೆಯಲ್ಲಿ ಸುಮಾರು ಮೂರನೇ ಒಂದರಷ್ಟೂ, ಎರಡು ಗಂಟೆಗಳಲ್ಲಿ ಅರ್ಧದಷ್ಟೂ ಇಳಿಯುತ್ತದೆಂದು ಅಳೆದು ತೋರಿಸಲಾಗಿದೆ. ಪ್ರತಿಜೀವಕ ಔಷಧಿ ಕೊಟ್ಟ ಎರಡು ಗಂಟೆಗಳೊಳಗೆ ಮೆನಿಂಗೊಕಾಕಸ್, ನಾಲ್ಕು ಗಂಟೆಗಳಿಂದ ಮುಂದೆ ನ್ಯೂಮೊಕಾಕಸ್ ಕೃಷಿಯಲ್ಲಿ ಬೆಳೆಯದೆ ಹೋಗಬಹುದು. ಸೈಟೊಕೈನ್‌ಗಳ ಸ್ಥಿತಿ ಇನ್ನೂ ನಾಜೂಕು. ಮಾದರಿಯಲ್ಲಿರುವ ಜೀವಂತ ಕಣಗಳು ಅವನ್ನು ಸ್ರವಿಸುತ್ತಲೇ ಇರಬಹುದು, ಕಿಣ್ವಗಳು ಒಡೆಯುತ್ತಲೂ ಇರಬಹುದು. ಆದುದರಿಂದ ದ್ರವವನ್ನು ಕೂಡಲೇ ತಿರುಗಣೆಯಲ್ಲಿಟ್ಟು ಕಣಗಳನ್ನು ಬೇರ್ಪಡಿಸಿ, ಸೊನ್ನೆಗಿಂತ 70 ಅಥವಾ 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇರಿಸಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅಳತೆ ಕೆಡುತ್ತದೆ.

ಅಳತೆಯ ವಿಧಾನಗಳಲ್ಲಿ 1971ರಲ್ಲಿ ರೂಪುಗೊಂಡ ಎಲೈಸಾ ಹಳೆಯದು. ಅದರಲ್ಲಿ ಒಂದೊಂದು ಪ್ರೋಟೀನನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಸೂಕ್ಷ್ಮ ಮಣಿಗಳನ್ನು ಬಳಸುವ ಹೊಸ ವಿಧಾನ ಕೆಲವೇ ಹನಿಗಳಲ್ಲಿ ಹಲವು ಪ್ರೋಟೀನುಗಳನ್ನು ಒಮ್ಮೆಗೇ ಅಳೆಯುತ್ತದೆ. ಮಕ್ಕಳಿಂದ ದೊರೆಯುವ ಅಲ್ಪ ಮಾದರಿಗೆ ಇದು ಅನುಕೂಲ. ಆದರೆ ಇವೆರಡೂ ಸಂಶೋಧನೆಯ ಸಾಧನಗಳೇ ಹೊರತು, ತುರ್ತುಕೋಣೆಯಲ್ಲಿ ಚಿಕಿತ್ಸೆ ನಿರ್ಧರಿಸುವ ಪರೀಕ್ಷೆಗಳಾಗಿ ಬಳಕೆಗೆ ಬಂದಿಲ್ಲ. ದ್ರವದಲ್ಲಿನ ಲ್ಯಾಕ್ಟೇಟ್ ಪ್ರಮಾಣ, ಕ್ಷಯದ ಶಂಕೆಯಿದ್ದಲ್ಲಿ ಅಡೆನೊಸಿನ್ ಡಿಅಮಿನೇಸ್ ಮತ್ತು ಜೀನ್ ಆಧಾರಿತ ಪರೀಕ್ಷೆ, ಜೆಇಗೆ ಐಜಿಎಮ್ ಪ್ರತಿಕಾಯ ಪರೀಕ್ಷೆ, ಇವು ಸದ್ಯ ವೈದ್ಯರ ಕೈಗೆಟಕುವ ನೆರವು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ಸಂಗತಿಯೆಂದರೆ, ಸಂಕೇತ ಪ್ರೋಟೀನಿನ ಪ್ರಮಾಣವು ತಾನೇ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ರೋಗಕಾರಕ, ರೋಗ ಆರಂಭವಾಗಿ ಎಷ್ಟು ಕಾಲವಾಯಿತು, ಮೊದಲ ಔಷಧಿ ಯಾವಾಗ ಬಿದ್ದಿತು, ಮಾದರಿಯನ್ನು ಹೇಗೆ ಕಾಪಾಡಲಾಯಿತು ಎಂಬ ವಿವರಗಳೊಡನೆ ಓದಿದಾಗಲೇ ಅದು ಅರ್ಥಪೂರ್ಣ. ಗ್ರಾಮೀಣ ಮಕ್ಕಳಿಂದ ಪಡೆದ ಮಾದರಿಗಳ ಮೇಲೆ ಮುಂದೆ ಅಧ್ಯಯನ ಕೈಗೊಳ್ಳುವವರು ಈ ಸಮಯಗಳನ್ನು ದಾಖಲಿಸುವುದು, ಪ್ರೋಟೀನನ್ನು ಅಳೆಯುವಷ್ಟೇ ಮುಖ್ಯವೆಂದು ತಿಳಿಯಬೇಕು.

ಎರಡನೆಯದಾಗಿ, ಹಾನಿಯ ಬಹುಪಾಲು ಆರಂಭದ ಗಂಟೆಗಳಲ್ಲಿಯೇ ನಡೆದುಹೋಗುವುದರಿಂದ ತಾಲ್ಲೂಕು ಆಸ್ಪತ್ರೆಯ ಮೊದಲ ಚುಚ್ಚುಮದ್ದಿಗೆ ದೂರದ ಪ್ರಯೋಗಾಲಯದ ಯಾವ ಅಳತೆಯೂ ಸಮನಲ್ಲ. ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಬಲವಾಗಿ ಶಂಕಿತವಾದಲ್ಲಿ, ಬೆನ್ನಿನ ನೀರು ತೆಗೆಯುವುದು ತಡವಾಗುವಂತಿದ್ದರೆ ಅದಕ್ಕಾಗಿ ಔಷಧಿಯನ್ನು ತಡೆಹಿಡಿಯಬಾರದೆಂಬುದು ಸರ್ವಸಮ್ಮತ ವೈದ್ಯಕೀಯ ನಿಯಮ. ಶಿಶುಗಳಲ್ಲಿ ಕುತ್ತಿಗೆ ಬಿಗಿತ ಕಾಣದಿರಬಹುದು. ಹಾಲು ಬಿಡುವುದು, ಎಡೆಬಿಡದ ಅಳು, ನೆತ್ತಿಯ ಮೃದುಭಾಗ ಉಬ್ಬುವುದು, ಇವೇ ಅಲ್ಲಿನ ಲಕ್ಷಣಗಳು. ಗುಣಮುಖವಾದ ಮಗುವಿನ ಶ್ರವಣ ಪರೀಕ್ಷೆಯನ್ನು ಮನೆಗೆ ಕಳುಹಿಸುವ ಮುನ್ನ ಅಥವಾ ನಾಲ್ಕು ವಾರಗಳೊಳಗೆ ಮಾಡಿಸಬೇಕು. ತಡಮಾಡಿದರೆ ಒಳಗಿವಿಯಲ್ಲಿ ಮೂಳೆ ಬೆಳೆದು, ಕಾಕ್ಲಿಯರ್ ಸಾಧನ ಅಳವಡಿಸುವುದೂ ಕಷ್ಟವಾಗುತ್ತದೆ.

ಮೂರನೆಯದಾಗಿ, ಸರಣಿ ಆರಂಭವಾಗದಂತೆ ನೋಡಿಕೊಳ್ಳುವುದೇ ಉತ್ತಮ ಉಪಾಯ. ಹಿಬ್ ಲಸಿಕೆಯನ್ನೊಳಗೊಂಡ ಪಂಚಸಂಯೋಜಿತ ಲಸಿಕೆ 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ಮುಂದೆ ಕರ್ನಾಟಕಕ್ಕೂ ಇಡೀ ದೇಶಕ್ಕೂ ವಿಸ್ತರಿಸಿತು. ನ್ಯೂಮೊಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ರಾಷ್ಟ್ರವ್ಯಾಪಿಯಾಯಿತು. 2006ರಲ್ಲಿ ಆರಂಭವಾದ ಜೆಇ ಲಸಿಕಾ ಅಭಿಯಾನದ ಮೊದಲ ಹಂತದಲ್ಲಿಯೇ ಕರ್ನಾಟಕ ಸೇರಿತ್ತು. ಲಸಿಕೆ ಪಡೆದ ಮಗುವಿನ ಬೆನ್ನಿನ ನೀರನ್ನು ತೆಗೆಯಬೇಕಾದ ಸಂದರ್ಭವೇ ಅಪರೂಪವಾಗುತ್ತದೆ. ಅಂತಹ ಸಂದರ್ಭ ಬಂದಾಗ, ಆ ಕೆಲವು ಹನಿಗಳು ಮಗುವಿನ ಬಲವನ್ನು ಕಸಿಯುವುದಿಲ್ಲ, ಅದರ ಪ್ರಾಣವನ್ನೂ ಕಿವಿಯನ್ನೂ ಉಳಿಸುವ ದಾರಿಯನ್ನು ತೋರಿಸುತ್ತವೆ ಎಂಬ ತಿಳಿವಳಿಕೆಯನ್ನು ಹಳ್ಳಿಯ ಪ್ರತಿಯೊಂದು ಮನೆಗೂ ತಲುಪಿಸುವುದು ವೈದ್ಯರ ಹಾಗೂ ವಿಜ್ಞಾನ ಲೇಖಕರ ಸಮಾನ ಹೊಣೆಯಾಗಿದೆ.